ಹಿತ್ತಾಳೆಯೊಳಗಿನ ಸತು

ಅಜ್ಜಿಯ ಕುಂಕುಮದ ಪೆಟ್ಟಿಗೆ ಹುಬ್ಬಳ್ಳಿಯಿಂದ ಅಹಮದಾಬಾದಿಗೆ ಬಂದದ್ದು ನನ್ನ ಬಟ್ಟೆಗಳ ನಡುವೆ. ಅಂಗೈ ಅಗಲದ ಮರದ ಪೆಟ್ಟಿಗೆ. ನಾಲ್ಕು ಮೂಲೆಗೆ ಹಿತ್ತಾಳೆಯ ಪಟ್ಟಿ, ಮುಚ್ಚಳದ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಹಿತ್ತಾಳೆಯ ತಗಡು, ಅದರ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದ ಅಜ್ಜಿಯ ಹೆಸರು. ಸ್ಯಾಟಲೈಟ್‌ನ ನಮ್ಮ ಫ್ಲ್ಯಾಟಿನಲ್ಲಿ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಮರ ಒಣಗಿ ತಗಡು ಕಳಚಿ ಬಿತ್ತು. ಅಂಟಿಸುವ ಮೊದಲು ಬೆಳಗಿಬಿಡೋಣ ಎಂದು ಹುಣಸೆಹಣ್ಣು, ಉಪ್ಪು ಮೆತ್ತಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತೊಳೆದರೆ ಹಳದಿ ಹೋಗಿ ತಗಡು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಗಾಬರಿಯಾಗಿ ಪಾಲಿಶ್ ಕಾಗದ ಹಿಡಿದು ತಿಕ್ಕಿದೆ. ಗುಲಾಬಿ ಹೋಯಿತು, ಜೊತೆಗೆ ಹೆಸರಿನ ಕೊನೆಯ ಅಕ್ಷರವೂ ಹೋಯಿತು.

ಅವ್ವನಿಗೆ ಫೋನ್ ಮಾಡಿ ಹೇಳಿದೆ. "ಹುಣಸಿಹಣ್ಣು ಹಚ್ಚಿ ತಿಕ್ಕಿ ತೊಳೀಬೇಕು. ಉಪ್ಪಿನಕಾಯಿ ಹಾಕಿದಂಗ ಇಡ್ತಾರೇನೋ?" ಎಂದು ಬೈದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಅಕ್ಷರ ಹೋತು?" ಎಂದು ಕೇಳಿದಳು.

ತಗಡನ್ನು ಕಾಗದದಲ್ಲಿ ಸುತ್ತಿಕೊಂಡು ಮಾಣೆಕ್ ಚೌಕದ ಪಾತ್ರೆ ಅಂಗಡಿಗಳ ಕಡೆ ಹೋದೆ. ಅಲ್ಲಿ ಒಬ್ಬ ಹಿರಿಯ ಕಂಸಾರಾ ಕಾಕಾ ತಗಡನ್ನು ಬೆಳಕಿಗೆ ಹಿಡಿದು ನೋಡಿ ಒಂದೇ ಮಾತು ಹೇಳಿದರು: "ಜಸತ್ ನಿಕಳೀ ಗಯು, ಭಾಯಿ." ಸತು ಹೊರಟುಹೋಗಿದೆ.

ಕಂಸಾರಾ ಎಂದರೆ ನಮ್ಮ ಕಂಚಗಾರ. ಎರಡು ಹೆಸರಿಗೂ ಮೂಲ ಸಂಸ್ಕೃತದ ಕಾಂಸ್ಯ. ಹುಬ್ಬಳ್ಳಿಯಲ್ಲಿ ಕಂಚಗಾರ ಗಲ್ಲಿ ಇದೆ. ಬೆಳಗಾವಿಯಲ್ಲಿ ಪಾತ್ರೆಯ ಕಸುಬಿನ ಬೋಗಾರರ ಹೆಸರು ಹೊತ್ತ ಬೋಗಾರ್ ವೇಸ್ ಇದೆ. ಗುಜರಾತಿಗಳು ಪಿತ್ತಳ್ ಎನ್ನುವುದನ್ನು ಹಳಗನ್ನಡದವರೂ ಪಿತ್ತಳೆ ಎನ್ನುತ್ತಿದ್ದರು. ಪಾಲು ಹಾಲಾದಂತೆ ಪಿತ್ತಳೆ ನಮ್ಮ ಬಾಯಲ್ಲಿ ಹಿತ್ತಾಳೆಯಾಯಿತು.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಹುಳಿಯೂ ಉಪ್ಪೂ ಸೇರಿ ಹೊತ್ತುಗಟ್ಟಲೆ ಕೂತರೆ ಮೇಲ್ಮೈಯ ಸತು ಕರಗಿ ಹೋಗಿ ತಾಮ್ರ ಉಳಿಯುತ್ತದೆ. ನಾನು ಕಂಡ ಗುಲಾಬಿ ಅದೇ ತಾಮ್ರ. ಒಂದೇ ರಾತ್ರಿಯಲ್ಲಿ ನಾನು ಓಡಿಸಿದ ಈ ಸತುವನ್ನು ಹಿಡಿದಿಡಲು ಮನುಷ್ಯರು ಎಷ್ಟು ಕಷ್ಟಪಟ್ಟಿದ್ದಾರೆ ಎಂಬುದು ನನಗೆ ತಿಳಿದದ್ದು ಆಮೇಲೆ, ಓದುತ್ತಾ ಹೋದಾಗ.

ಕಬ್ಬಿಣ, ತಾಮ್ರದ ಅದಿರನ್ನು ಇದ್ದಿಲಿನ ಜೊತೆ ಕಾಯಿಸಿದರೆ ಲೋಹ ಕುಲುಮೆಯಲ್ಲೇ ಉಳಿಯುತ್ತದೆ. ಸತು ಹಾಗಲ್ಲ. ಅದು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ; ಅದಿರಿನಿಂದ ಬಿಡಿಸಲು ಅದಕ್ಕಿಂತ ಹೆಚ್ಚಿನ ಕಾವು ಬೇಕು. ಹಾಗಾಗಿ ಬಿಡುಗಡೆಯಾಗುವಾಗಲೇ ಅದು ಹಬೆ. ಗಾಳಿ ತಾಕಿದರೆ ಉರಿದು ಬಿಳಿ ಪುಡಿಯಾಗಿ ಹಾರಿಹೋಗುತ್ತದೆ. ಹಳೆಯ ಕಾಲದ ಕುಶಲಿಗಳು ಸತುವನ್ನು ಬೇರೆಯಾಗಿ ಹಿಡಿಯುವ ಗೋಜಿಗೆ ಹೋಗದೆ, ತಾಮ್ರದ ಚೂರು, ಸತುವಿನ ಅದಿರು, ಇದ್ದಿಲು ಮೂರನ್ನೂ ಮುಚ್ಚಿದ ಮೂಸೆಯಲ್ಲಿ ಕಾಯಿಸುತ್ತಿದ್ದರು. ಹಬೆ ನೇರವಾಗಿ ತಾಮ್ರದೊಳಗೆ ಸೇರುತ್ತಿತ್ತು. ರೋಮನ್ನರೂ ಹೀಗೆಯೇ ಹಿತ್ತಾಳೆ ಮಾಡಿದರು. ಆದರೆ ಈ ದಾರಿಯಲ್ಲಿ ಸತುವಿನ ಪಾಲು ಸುಮಾರು ಶೇಕಡಾ 28ರ ಹತ್ತಿರ ನಿಂತುಬಿಡುತ್ತದೆ. ತಕ್ಷಶಿಲೆಯಲ್ಲಿ ಸಿಕ್ಕ, ಕ್ರಿ.ಪೂ. 4ನೇ ಶತಮಾನದ್ದೆನ್ನುವ ಒಂದು ಹಿತ್ತಾಳೆ ಪಾತ್ರೆಯಲ್ಲಿ ಸತು ಶೇಕಡಾ 34ರಷ್ಟಿದೆ. ವಿದ್ವಾಂಸರ ಕುತೂಹಲ ಕೆರಳಿಸಿದ ಅಂಕಿ ಇದು.

ಸತುವನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದ ಜಾಗ ನಮಗೆ ದೂರವೇನಲ್ಲ. ಅಹಮದಾಬಾದಿನಿಂದ ಉದಯಪುರದ ಹೆದ್ದಾರಿ ಹಿಡಿದರೆ, ಉದಯಪುರ ಇನ್ನೂ ಸುಮಾರು 40 ಕಿಲೋಮೀಟರ್ ಇರುವಾಗ ಗುಡ್ಡಗಳ ನಡುವೆ ಜಾವರ್ ಇದೆ. ಅಲ್ಲಿ ಮಣ್ಣಿನ ಕೊಳವೆಗಳ ಗುಡ್ಡೆಗಳೇ ಬಿದ್ದಿದ್ದವು. ಊರಿನವರು ಅವನ್ನೇ ಇಟ್ಟಿಗೆಯಂತೆ ಜೋಡಿಸಿ ಗೋಡೆ ಕಟ್ಟಿಕೊಂಡಿದ್ದರು. 1980ರ ದಶಕದ ಮೊದಲಲ್ಲಿ ವಡೋದರಾದ ಎಂ.ಎಸ್. ವಿಶ್ವವಿದ್ಯಾಲಯ, ಬ್ರಿಟಿಷ್ ಮ್ಯೂಸಿಯಂ ಮತ್ತು ಹಿಂದೂಸ್ತಾನ್ ಜಿಂಕ್ ಸೇರಿ ಅಲ್ಲಿ ಅಗೆದಾಗ ಕುಲುಮೆಗಳೇ ಇದ್ದ ಹಾಗೆ ಸಿಕ್ಕವು. ವಡೋದರಾದಿಂದ ಆ ಕೆಲಸದಲ್ಲಿದ್ದ ಪುರಾತತ್ವಜ್ಞರ ಹೆಸರು ಕೆ.ಟಿ.ಎಂ. ಹೆಗ್ಡೆ. ಗುಜರಾತಿನ ವಿಶ್ವವಿದ್ಯಾಲಯದ ಹೆಸರಿನ ಪಕ್ಕದಲ್ಲಿ ಹೆಗ್ಡೆ ಎಂದು ಓದಿದಾಗ, ರೈಲಿನಲ್ಲಿ ಎದುರು ಸೀಟಿನವರು ಇದ್ದಕ್ಕಿದ್ದಂತೆ ಕನ್ನಡದಲ್ಲಿ ಮಾತಾಡಿದಷ್ಟು ಸಂತೋಷವಾಯಿತು. ಪ್ರಾಚೀನ ಭಾರತದ ಲೋಹವಿದ್ಯೆಯ ಬಗ್ಗೆ ಅವರು ಬರೆದ ಪುಸ್ತಕವನ್ನು 1991ರಲ್ಲಿ ಬೆಂಗಳೂರಿನ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಪ್ರಕಟಿಸಿತು.

ಜಾವರಿನವರ ಉಪಾಯ ಸರಳ. ಬದನೆಕಾಯಿ ಆಕಾರದ ಮಣ್ಣಿನ ಮೂಸೆಗೆ ಅದಿರು ತುಂಬಿ, ಬಾಯಿಗೆ ಕೊಳವೆ ಸಿಕ್ಕಿಸಿ, ತಲೆಕೆಳಗಾಗಿ ನಿಲ್ಲಿಸುತ್ತಿದ್ದರು. ಒಂದು ಕುಲುಮೆಗೆ ಇಂಥ 36 ಮೂಸೆ. ಬೆಂಕಿ ಮೇಲೆ, ತಂಪು ಕೋಣೆ ಕೆಳಗೆ. ಹಬೆಗೆ ಕೆಳಗಿಳಿಯದೆ ಬೇರೆ ದಾರಿಯಿಲ್ಲ. ಇಳಿದು ತಣಿದು ಲೋಹವಾಗುತ್ತಿತ್ತು. ರಸರತ್ನಸಮುಚ್ಚಯದಲ್ಲೂ ಬದನೆಕಾಯಿ ಆಕಾರದ ಮೂಸೆಯ ಮಾತು ಬರುತ್ತದೆ. 14ನೇ ಶತಮಾನದ ಹೊತ್ತಿಗೆ ಜಾವರಿನಲ್ಲಿ ಈ ಕೆಲಸ ದೊಡ್ಡದಾಗಿಯೇ ನಡೆದಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಸತು ಇಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಸತು ಬಿಡಿಯಾಗಿ ಸಿಕ್ಕಿದ್ದರಿಂದಲೇ ಬೀದರಿನ ಬಿದ್ರಿ ಕಲೆಯೂ ಸಾಧ್ಯವಾಯಿತು. ಆ ಕಪ್ಪು ಹೂಜಿಗಳ ಮೈ ಬಹುಪಾಲು ಸತುವೇ.

ಇನ್ನು ಅಂಟಿನ ವಿಷಯ. ಮೊದಲು ನಾನೇ ಅರಾಲ್ಡೈಟ್ ಹಚ್ಚಿ ಅಂಟಿಸಿದ್ದೆ, ವಾರದಲ್ಲಿ ಬಿಟ್ಟುಕೊಂಡಿತ್ತು. ಕಾಕಾ ನಕ್ಕರು. ಹಿತ್ತಾಳೆಯ ಮೇಲೆ ಯಾವಾಗಲೂ ಕಿಲುಬಿನ ತೆಳು ಪೊರೆಯೂ ಬೆರಳಿನ ಜಿಡ್ಡೂ ಇರುತ್ತವೆ. ಅಂಟು ಹಿಡಿಯುವುದು ಆ ಪೊರೆಯನ್ನು, ಲೋಹವನ್ನಲ್ಲ. ಅದಕ್ಕೆ ಹಿಂಬದಿಯನ್ನು ಮಾತ್ರ ಒರಟು ಕಾಗದದಿಂದ ಗೀರು ಬೀಳುವಂತೆ ಉಜ್ಜಬೇಕು, ಥಿನ್ನರ್‌ನಲ್ಲಿ ಒರೆಸಬೇಕು, ಮತ್ತೆ ಬೆರಳು ತಾಕಿಸದೆ ಕೂಡಲೇ ಅಂಟು ಹಚ್ಚಿ, ಭಾರ ಹೇರಿ ಒಂದು ದಿನ ಬಿಡಬೇಕು. ತಡಮಾಡಿದರೆ ಪೊರೆ ಮತ್ತೆ ಬೆಳೆಯುತ್ತದೆ.

ಆದರೂ ಬರೀ ಅಂಟನ್ನು ನಂಬಬೇಡ ಎಂದರು. ಗುಜರಾತಿನ ಹಳೆಯ ಪಟಾರಾಗಳನ್ನು, ಅಂದರೆ ಮದುಮಗಳ ಜೊತೆ ಕಳಿಸುತ್ತಿದ್ದ ದೊಡ್ಡ ಮರದ ಪೆಟ್ಟಿಗೆಗಳನ್ನು ನೋಡಿ: ಹಿತ್ತಾಳೆಯ ತಗಡನ್ನು ಸಾಲುಸಾಲು ಸಣ್ಣ ಮೊಳೆಗಳಿಂದ ಕೂರಿಸಿರುತ್ತಾರೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಿತ್ತಾಳೆ ಅದರ ಜೊತೆ ಕುಗ್ಗುವುದಿಲ್ಲ. ಗಡುಸಾದ ಅಂಟು ಈ ಎಳೆದಾಟದಲ್ಲಿ ಬಿರುಕು ಬಿಡುತ್ತದೆ, ಮೊಳೆ ಒಂದಿಷ್ಟು ಜಾಗ ಕೊಡುತ್ತದೆ. ಅಜ್ಜಿಯ ತಗಡಿನ ಮೂಲೆಗಳಲ್ಲೂ ನಾಲ್ಕು ತೂತುಗಳಿದ್ದವು. ಅಲಂಕಾರಕ್ಕೆ ಇರಬೇಕು ಎಂದುಕೊಂಡಿದ್ದೆ.

ಬೆಳಗುವುದರ ಬಗ್ಗೆ ನನ್ನ ಮನಸ್ಸು ಬದಲಾದದ್ದು ವಿಶಾಲಾದಲ್ಲಿ. ವಾಸಣಾ ಹತ್ತಿರ ಇರುವ ಆ ಊಟದ ಮನೆಯ ಅಂಗಳದಲ್ಲಿ ಸುರೇಂದ್ರ ಪಟೇಲರು 1981ರಲ್ಲಿ ತೆರೆದ 'ವಿಚಾರ್' ಎಂಬ ಪಾತ್ರೆಗಳ ಮ್ಯೂಸಿಯಂ ಇದೆ. ಮನೆಗಳಿಗೆ ಸ್ಟೀಲು ಬಂದು ಹಿತ್ತಾಳೆ, ತಾಮ್ರ ಗುಜರಿಗೆ ಹೋಗಿ ಕರಗುತ್ತಿದ್ದ ಕಾಲದಲ್ಲಿ ಕೂಡಿಟ್ಟ ಸಾವಿರಾರು ಕೊಡ, ಚೊಂಬು, ಡಬ್ಬಿ, ಅಡಕತ್ತರಿ ಅಲ್ಲಿವೆ. ಉಳಿದವು ಕರಗಿ ಇನ್ನೇನೋ ಆಗಿರುತ್ತವೆ. ಜಾಮ್‌ನಗರದ ಕಾರ್ಖಾನೆಗಳು ಹಳೆಯ ಹಿತ್ತಾಳೆ ಕರಗಿಸಿ ಪ್ಲಗ್ಗಿನ ಪಿನ್ನು, ನಟ್ಟು, ಬೋಲ್ಟು ಮಾಡುತ್ತವೆ. ಅಲ್ಲಿ ನಿಂತಾಗ ಹೊಳೆಯಿತು: ಬೂದಿಯಿರಲಿ, ಹುಣಸೆಯಿರಲಿ, ಪುಡಿಯಿರಲಿ, ಬೆಳಗಿದಾಗಲೆಲ್ಲ ಹಿತ್ತಾಳೆಯ ಒಂದು ಕೂದಲೆಳೆಯಷ್ಟು ಹೋಗುತ್ತದೆ. ಅಜ್ಜಿ ಶುಕ್ರವಾರ ಶುಕ್ರವಾರ ಬೆಳಗಿದ್ದರಿಂದ ಅವಳ ಹೆಸರು ಆಗಲೇ ಸವೆದಿತ್ತು. ಉಳಿದದ್ದನ್ನು ನಾನು ಮುಗಿಸಿದೆ.

ಕಾಕಾ ಹಿಂಬದಿ ಸರಿಮಾಡಿ ಅಂಟಿಸಿ, ಹಳೆಯ ತೂತುಗಳಿಗೇ ನಾಲ್ಕು ಪುಟ್ಟ ಹಿತ್ತಾಳೆ ಮೊಳೆ ಹೊಡೆದರು. ಹೋದ ಅಕ್ಷರವನ್ನು ಕಾಗದದ ಮೇಲೆ ಬರೆದುಕೊಟ್ಟರೆ ಅದನ್ನೇ ನೋಡಿ ಕೊರೆಯುತ್ತೇನೆ, ಲಿಪಿ ಗೊತ್ತಿಲ್ಲದಿದ್ದರೂ ಚುಕ್ಕೆ ತಪ್ಪುವುದಿಲ್ಲ ಎಂದರು. ಅವ್ವನನ್ನು ಕೇಳಿದೆ.

"ಬ್ಯಾಡ," ಎಂದಳು. "ಇದ್ದಷ್ಟು ಉಳಸು."

ಈಗ ಅದನ್ನು ಒಣ ಬಟ್ಟೆಯಲ್ಲಿ ಮಾತ್ರ ಒರೆಸುತ್ತೇನೆ.