ನಗುವಿನ ಸಭೆಗೆ ತಂಡ ಕಟ್ಟಿಕೊಂಡು

ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿಯನ್ನು ಮಾರ್ಕ್ ಅಬ್ರಹಾಮ್ಸ್ ಆರಂಭಿಸಿದ್ದು 1991ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಮುಂದೆ ಸಮಾರಂಭ ಹಾರ್ವರ್ಡ್‌ನ ಸ್ಯಾಂಡರ್ಸ್ ಥಿಯೇಟರಿಗೆ ಬಂದು ಬಹುಕಾಲ ಅಲ್ಲೇ ನೆಲೆ ನಿಂತಿತು.

ವಿಜ್ಞಾನದ ಮೇಷ್ಟ್ರಾದ ನನಗೆ ಅಲ್ಲಿ ಬಹಳ ಹಿಡಿಸಿದ್ದು ಪ್ರೇಕ್ಷಕ ನಿಯೋಗಗಳ ಪದ್ಧತಿ. ಗೆಳೆಯರು ಗುಂಪಾಗಿ ಟಿಕೆಟ್ ಕೊಂಡು, ತಂಡಕ್ಕೊಂದು ತಮಾಷೆಯ ಹೆಸರಿಟ್ಟು ಬರುತ್ತಿದ್ದರು. ವೇದಿಕೆಯತ್ತ ಕಾಗದದ ವಿಮಾನಗಳು ಹಾರುತ್ತಿದ್ದವು. ಅವನ್ನು ವರ್ಷವರ್ಷವೂ ಪೊರಕೆ ಹಿಡಿದು ಗುಡಿಸುತ್ತಿದ್ದವರು ಹಾರ್ವರ್ಡ್ ಪ್ರಾಧ್ಯಾಪಕ ರಾಯ್ ಗ್ಲಾಬರ್. 2005ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ಲೇ ಬಂತು. ಭಾಷಣ ಉದ್ದವಾದರೆ ಪುಟ್ಟ ಹುಡುಗಿಯೊಬ್ಬಳು ಹತ್ತಿರ ಬಂದು, ಬೇಜಾರಾಗ್ತಿದೆ, ನಿಲ್ಲಿಸಿ ಎಂದು ಪಟ್ಟು ಹಿಡಿಯುತ್ತಿದ್ದಳು.

ಇಗ್ ನೊಬೆಲ್ ಗೌರವ ನಮ್ಮ ಬೆಂಗಳೂರಿಗೂ ಸಂದಿದೆ. ಹದಿಹರೆಯದವರು ಮೂಗಿನಲ್ಲಿ ಬೆರಳಾಡಿಸುವ ಅಭ್ಯಾಸವನ್ನು ನಗರದ ಶಾಲೆಗಳ 200 ವಿದ್ಯಾರ್ಥಿಗಳಲ್ಲಿ ಅಧ್ಯಯನ ಮಾಡಿದ ನಿಮ್ಹಾನ್ಸ್‌ನ ಚಿತ್ತರಂಜನ್ ಆಂಡ್ರಾಡೆ ಮತ್ತು ಬಿ.ಎಸ್. ಶ್ರೀಹರಿ 2001ರಲ್ಲಿ ಸಾರ್ವಜನಿಕ ಆರೋಗ್ಯದ ಇಗ್ ನೊಬೆಲ್ ಪಡೆದರು.

ಈ ಕತೆ ಹೇಳಿದಾಗ ಹಿಂದಿನ ಬೆಂಚಿನ ಮಕ್ಕಳೂ ಕೈಯೆತ್ತಿ ಪ್ರಶ್ನೆ ಕೇಳುತ್ತಾರೆ. ಮೇಷ್ಟ್ರುಗಳೇ, ಸಮಾರಂಭದ ವಿಡಿಯೊಗಳು ಅಂತರ್ಜಾಲದಲ್ಲಿವೆ. ನಿಮ್ಮ ಮಕ್ಕಳ ತಂಡ ಕಟ್ಟಿ, ಅವರೇ ಹೆಸರಿಡಲಿ, ಒಟ್ಟಿಗೆ ಕೂತು ನೋಡಿ.