ನಡೆಸುವ ವಿದ್ಯುತ್: ಸ್ನಾಯು ಪ್ರಚೋದಕಗಳ ಇತಿಹಾಸ

ಬೆನ್ನುಹುರಿಗೆ ಪೆಟ್ಟು ಬಿದ್ದು ಎರಡೂ ಕಾಲುಗಳ ಸ್ವಾಧೀನ ಕಳೆದುಕೊಂಡವರನ್ನು ಸಣ್ಣ ವಿದ್ಯುತ್ ಮಿಡಿತಗಳಿಂದ ನಿಲ್ಲಿಸಿ ನಡೆಸುವ ಸಾಧನಗಳಿವು. ಮಿದುಳಿನ ಆಜ್ಞೆ ಕೆಳಗಿಳಿಯುವ ದಾರಿ ಕಡಿದುಹೋಗಿದ್ದರೂ ಬೆನ್ನುಹುರಿಯಿಂದ ಕಾಲಿಗೆ ಹೋಗುವ ನರಗಳು ಎಷ್ಟೋ ಮಂದಿಯಲ್ಲಿ ಜೀವಂತವಾಗಿರುತ್ತವೆ. ಆ ನರಗಳೇ ಹಾಳಾಗಿದ್ದರೆ ಈ ವಿಧಾನ ಫಲಿಸದು.

ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಸೆಟೆಯುವುದನ್ನು ಇಟಲಿಯ ಗ್ಯಾಲ್ವಾನಿ 18ನೇ ಶತಮಾನದಲ್ಲೇ ತೋರಿಸಿದ್ದ. ಅದನ್ನು ನಡಿಗೆಗೆ ಬಳಸುವ ಪ್ರಯತ್ನ ಬಲಿತದ್ದು 1960ರ ನಂತರ. ನ್ಯೂಯಾರ್ಕಿನ ಶಸ್ತ್ರವೈದ್ಯ ಏಡ್ರಿಯನ್ ಕ್ಯಾಂಟ್ರೊವಿಟ್ಸ್ ತೊಡೆ ಮತ್ತು ಪೃಷ್ಠದ ಸ್ನಾಯುಗಳನ್ನು ಪ್ರಚೋದಿಸಿ ರೋಗಿಯನ್ನು ಎದ್ದು ನಿಲ್ಲಿಸಿದರು. 1961ರಲ್ಲಿ ಲೈಬರ್ಸನ್ ತಂಡ, ಅರ್ಧಾಂಗವಾಯುವಿನಿಂದ ಪಾದ ಜೋಲುಬಿದ್ದವರಿಗಾಗಿ ಬೂಟಿನ ಹಿಮ್ಮಡಿಯಲ್ಲಿ ಸ್ವಿಚ್ ಇಟ್ಟಿತು. ಹಿಮ್ಮಡಿ ನೆಲ ಬಿಟ್ಟೊಡನೆ ವಿದ್ಯುತ್ ಹರಿದು ಪಾದ ಮೇಲೇಳುತ್ತಿತ್ತು.

ಎರಡೂ ಕಾಲು ಸೋತವರಿಗೆ ದಾರಿ ತೋರಿದ್ದು ಆಗಿನ ಯುಗೊಸ್ಲಾವಿಯದ ಲ್ಯೂಬ್ಲಿಯಾನಾ ನಗರ. ಅಲ್ಲಿನ ಸಂಶೋಧಕರಾದ ಕ್ರಾಲ್ ಮತ್ತು ಬಾಯ್ಡ್ ನಾಲ್ಕೇ ಚಾನೆಲ್‌ಗಳಲ್ಲಿ, ಎಂದರೆ ಮಿಡಿತ ಹರಿಸುವ ನಾಲ್ಕೇ ಪ್ರತ್ಯೇಕ ದಾರಿಗಳಲ್ಲಿ, ನಡಿಗೆ ಸಾಧಿಸಿದರು. ತೊಡೆಯ ಮುಂಭಾಗದ ಸ್ನಾಯು ಬಿಗಿದರೆ ಮಂಡಿ ನೆಟ್ಟಗಾಗಿ ದೇಹ ನಿಲ್ಲುತ್ತದೆ. ಗುಂಡಿ ಒತ್ತಿದಾಗ ಆ ಬಿಗಿತ ಸಡಿಲಿ, ಮಂಡಿಯ ಪಕ್ಕದ ನರಕ್ಕೆ ಮಿಡಿತ ತಲುಪುತ್ತದೆ. ಮುಳ್ಳು ತುಳಿದಾಗ ಆಗುವಂತೆ ಸೊಂಟ, ಮಂಡಿ, ಪಾದ ಒಟ್ಟಿಗೆ ಮಡಿಚಿ ಕಾಲು ಮೇಲೆ ಬರುತ್ತದೆ. ಗುಂಡಿ ಬಿಟ್ಟರೆ ಕಾಲು ಚಾಚಿ ನೆಲಕ್ಕೂರುತ್ತದೆ. ಅಲ್ಲಿಗೆ ಒಂದು ಹೆಜ್ಜೆ.

1982ರ ನವೆಂಬರಿನಲ್ಲಿ ಅಮೆರಿಕದ ಓಹಾಯೋದಲ್ಲಿ ಜೆರಾಲ್ಡ್ ಪೆಟ್ರೋಫ್ಸ್ಕಿ ಕಂಪ್ಯೂಟರ್ ನಿಯಂತ್ರಣದಲ್ಲಿ ನ್ಯಾನ್ ಡೇವಿಸ್ ಎಂಬ ವಿದ್ಯಾರ್ಥಿನಿಯನ್ನು ಕೆಲವು ಹೆಜ್ಜೆ ನಡೆಸಿದರು. ಸುದ್ದಿ ದೊಡ್ಡದಾಯಿತು, ಟಿವಿ ಚಲನಚಿತ್ರವೂ ಬಂತು. ಆದರೆ ಮಾರುಕಟ್ಟೆಗೆ ಬಂದು ನೆಲೆಯೂರಿದ್ದು ಷಿಕಾಗೋದ ಡೇನಿಯಲ್ ಗ್ರೌಪೆ ರೂಪಿಸಿದ ಪ್ಯಾರಾಸ್ಟೆಪ್. ಚರ್ಮಕ್ಕೆ ಅಂಟಿಸುವ ಎಲೆಕ್ಟ್ರೋಡ್‌ಗಳು, ಬ್ಯಾಟರಿ ಚಾಲಿತ ಪ್ರಚೋದಕ, ಹಿಡಿಯಲ್ಲಿ ಗುಂಡಿಗಳಿರುವ ವಾಕರ್: ಇಷ್ಟೇ ಅದರ ಸರಂಜಾಮು. 1994ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು.

ತೊಡಕು ಉಳಿದದ್ದು ದಣಿವಿನಲ್ಲಿ. ಸಹಜ ನಡಿಗೆಯಲ್ಲಿ ಸ್ನಾಯುವಿನ ಎಳೆಗಳು ಸರದಿಯ ಮೇಲೆ ದುಡಿಯುತ್ತವೆ. ಯಂತ್ರವಾದರೋ ಅವೇ ಎಳೆಗಳನ್ನು ಒಮ್ಮೆಲೇ, ಮತ್ತೆ ಮತ್ತೆ ದುಡಿಸುತ್ತದೆ. ಸಮತೋಲನದ ಹೊಣೆಯೂ ತೋಳುಗಳ ಮೇಲೆ ಬೀಳುತ್ತದೆ. ಹೀಗಾಗಿ ದಿನದ ಓಡಾಟಕ್ಕೆ ಗಾಲಿಕುರ್ಚಿಯೇ ಉಳಿಯಿತು.

ಈ ತಂತ್ರ ಇಂದು ಹೆಚ್ಚು ಬಳಕೆಯಲ್ಲಿರುವುದು ಸ್ನಾಯು ಸೊರಗದಂತೆ ಕಾಯುವ ವ್ಯಾಯಾಮದ ಸೈಕಲ್‌ಗಳಲ್ಲಿ. 2016ರಲ್ಲಿ ಜ್ಯೂರಿಕ್ ಬಳಿ ನಡೆದ, ನೆರವಿನ ಸಾಧನ ಬಳಸುವ ಅಂಗವಿಕಲರ ಮೊದಲ ಸೈಬಥ್ಲಾನ್ ಕೂಟದಲ್ಲಿ ಇಂಥ ಸೈಕಲ್‌ಗಳಿಗೆಂದೇ ಪ್ರತ್ಯೇಕ ಸ್ಪರ್ಧೆಯಿತ್ತು.