ಅಪ್ಪನ ಮೀನು, ಮಗನ ಮಣ್ಣು

ಹೊಸ ಅಕ್ವೇರಿಯಂನ ನೀರು ಕನ್ನಡಿ ಥರ ತಿಳಿಯಾಗಿದ್ರೂ ಅದಕ್ಕೆ ಬಿಟ್ಟ ಮೀನು ಎಷ್ಟೋ ಸಲ ವಾರದೊಳಗೆ ಸಾಯುತ್ತೆ. ಯಾಕೆ ಅಂತ ತಿಳಿಯೋಕೆ ಇಂಗ್ಲೆಂಡಿನ ಒಬ್ಬ ಅಪ್ಪ, ಒಬ್ಬ ಮಗನ ಕತೆ ಕೇಳಬೇಕು.

ಅಪ್ಪ ರಾಬರ್ಟ್ ವಾರಿಂಗ್ಟನ್, ಲಂಡನ್ನಿನ ರಸಾಯನಶಾಸ್ತ್ರಜ್ಞ. 1849ರಲ್ಲಿ ದೊಡ್ಡದೊಂದು ಗಾಜಿನ ಪಾತ್ರೇಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ನೀರುಗಿಡ ನೆಟ್ಟ. ಎಲೆ ಕೊಳೆತು ನೀರು ಕೆಟ್ಟಾಗ ಬಸವನಹುಳು ಬಿಟ್ಟ, ಅವು ಕೊಳೆ ತಿಂದವು. ನೀರು ಬದಲಿಸದೇ ಮೀನು ಸಾಕಬಹುದು ಅಂತ 1850ರಲ್ಲಿ ಬರೆದ. 1853ರಲ್ಲಿ ಲಂಡನ್ ಝೂ ಜನರಿಗಾಗಿ ಮೀನುಮನೆ ತೆರೆಯಿತು.

ಗಿಡ ಆಮ್ಲಜನಕ ಕೊಡುತ್ತೆ, ಸರಿ. ಮೀನು ಹೊರಹಾಕೋ ಅಮೋನಿಯಾ? ಇದಕ್ಕೆ ದಾರಿ ತೋರಿಸಿದ್ದು ಮಗ, ಅವನ ಹೆಸರೂ ರಾಬರ್ಟ್. ರಾಥಮ್‌ಸ್ಟೆಡ್‌ನಲ್ಲಿ ಅವನು ನೋಡ್ತಿದ್ದದ್ದು ಮೀನಲ್ಲ, ಹೊಲದ ಮಣ್ಣು! ಅಮೋನಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗುತ್ತೆ, ಎರಡಕ್ಕೂ ಬೇರೆ ಬೇರೆ ಸೂಕ್ಷ್ಮಜೀವಿಗಳು ಅಂತ ಕಂಡುಕೊಂಡ. ಅವುಗಳನ್ನ ಬೇರ್ಪಡಿಸಿದ ಕೀರ್ತಿ 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿಗೆ ಸಂದಿತು. ಅಪ್ಪ 1867ರಲ್ಲೇ ತೀರಿಕೊಂಡಿದ್ದ. ತನ್ನ ಮೀನು ಬದುಕಿದ ಅರ್ಧ ಗುಟ್ಟು ಅವನಿಗೆ ತಿಳೀಲೇ ಇಲ್ಲ.

ಹೊಸ ತೊಟ್ಟೀಲಿ ಈ ಜೀವಿಗಳು ಬೆಳೆಯೋಕೆ ವಾರಗಟ್ಟಲೆ ಬೇಕು. ಅಲ್ಲೀವರೆಗೆ ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ಅದಕ್ಕೇ ನನ್ನ ದೊಡ್ಡ ತೊಟ್ಟೀಲಿ ಈಗ ಮೀನಿಲ್ಲ. ಹಳೇ ಫಿಲ್ಟರ್‌ನ ಅರ್ಧ ಸ್ಪಂಜು ಹಾಕಿ, ದಿನಾ ಒಂಚೂರು ಅಮೋನಿಯಾ ಉಣಿಸ್ತಿದ್ದೀನಿ. ಹಾಕಿದ್ದೆಲ್ಲ ಒಂದೇ ದಿನದಲ್ಲಿ ನೈಟ್ರೇಟ್ ಆಗೋಕೆ ಶುರುವಾಗಲಿ, ಆಮೇಲೇ ಮೀನಿಗೆ ಗೃಹಪ್ರವೇಶ.